ಹಿತ್ತಾಳೆಯ ಹಾವುಗಳು

ನಾನು ಒಬ್ಬ ಮನುಷ್ಯನ ಮೇಲೆ ಆ್ಯಸಿಡ್ ಎರಚಿದ್ದೇನೆ. ಕುಮಟೆಯ ನಮ್ಮ ಅಂಗಡಿಗೆ ಬರುವ ಹೆಚ್ಚಿನವರಿಗೆ ಇದು ಗೊತ್ತು. ಗೊತ್ತಿದ್ದೂ ಬರುತ್ತಾರೆ. ಓಲೆಯ ತಿರುಪು ಸಡಿಲವಾಗಿದೆ ಎನ್ನುತ್ತಾರೆ, ಕರಿಮಣಿ ಪೋಣಿಸಿಕೊಡು ಎನ್ನುತ್ತಾರೆ, ಸಾಮಾನು ಕೈಗೆ ಕೊಡುವಾಗ ಒಮ್ಮೆ ನನ್ನ ಮುಖ ನೋಡುತ್ತಾರೆ. ಎದುರಿಗೆ ಯಾರೂ ಕೇಳಿದ್ದಿಲ್ಲ. ಯಾರೂ ಕೇಳದ್ದರಿಂದ ಊರಿನಲ್ಲಿ ಆ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಆಗಿದೆ. ಒಂದರಲ್ಲಿ ನಾವು ನಿಧಿ ನುಂಗಿದವರು. ಇನ್ನೊಂದರಲ್ಲಿ ನಾನು ಯಾವುದೋ ಹಳೇ ಸಿಟ್ಟು ತೀರಿಸಿಕೊಂಡವಳು. ಆದದ್ದನ್ನು ಆದ ಹಾಗೆ ಬರೆದಿಡೋಣ ಎಂದು ಕೂತಿದ್ದೇನೆ.

ನಮ್ಮದು ಅಕ್ಕಸಾಲಿಗರ ಮನೆ, ಊರವರ ಬಾಯಲ್ಲಿ ಶೇಟ್ರ ಮನೆ. ರಸ್ತೆಗೆ ಅಂಗಡಿ, ಅದರ ಹಿಂದೆ ಕೆಲಸದ ಕೋಣೆ, ಅಲ್ಲಿಂದ ಹಿಂದೆ ಅಡುಗೆಮನೆ ಮತ್ತು ಬಾವಿ. ನನಗೆ ಅಣ್ಣತಮ್ಮಂದಿರಿಲ್ಲ. ನಾನು ಹೊನ್ನಾವರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲಕ್ಕೆ ಅಮ್ಮ ತೀರಿಕೊಂಡಳು. ಕೆಲಸ ಯಾರಿಗಾದರೂ ಕಲಿಸಲೇಬೇಕಿತ್ತು, ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಅಪ್ಪ ಹೊಡೆದೇ ಕಲಿಸಿದ. ಬೆಸುಗೆ ಹರಿದುಹೋದರೆ ಇಕ್ಕಳದಿಂದ ಗೆಣ್ಣಿನ ಮೇಲೆ ಏಟು. ತಂತಿ ಎಳೆಯುವಾಗ ತುಂಡಾದರೆ ಅದೇ ತಂತಿಯಲ್ಲಿ ಮುಂಗೈಗೆ ಬರೆ. ಒಮ್ಮೆ ಊದುಕೊಳವೆಯನ್ನು ಬೆನ್ನ ಮೇಲೆ ಬೀಸಿದ್ದಕ್ಕೆ ಎರಡು ದಿನ ಅಂಗಾತ ಮಲಗಲಾಗಲಿಲ್ಲ. ಹೊಡೆದಾದ ಮೇಲೆ ತಾನೇ ತೆಂಗಿನೆಣ್ಣೆ ತಂದು ಹಚ್ಚುತ್ತಿದ್ದ. ಅವನ ಅಪ್ಪನೂ ಹಾಗೆಯೇ ಕಲಿಸಿದ್ದನಂತೆ. ನನಗೆ ಮೂವತ್ತು ದಾಟುವ ಹೊತ್ತಿಗೆ ಅವನ ಕಣ್ಣು ಮಂದವಾಗಿ, ಸಣ್ಣ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಏಟು ಆಗಲೂ ಪೂರ್ತಿ ನಿಂತಿರಲಿಲ್ಲ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಅವನ ಮಾತನ್ನು ಕನ್ನಡಕ್ಕೆ ತಂದು ಬರೆದಿದ್ದೇನೆ.

ಭಟ್ಕಳದ ಒಬ್ಬ ಹಿರಿಯರು ಅಪ್ಪನ ಹಳೇ ಗಿರಾಕಿ. ಅವರನ್ನು ನಾವು ಸಾಹೇಬರು ಎಂದೇ ಕರೆಯುತ್ತಿದ್ದೆವು. ಊರಿನ ಉಳಿದವರೆಲ್ಲ ಕೊಲ್ಲಿ ದೇಶಗಳಿಗೆ ಹೋದರೆ ಇವರು ಹಡಗಿನ ಕೆಲಸ ಹಿಡಿದು, ಈಜಿಪ್ಟ್ ಮತ್ತು ಗ್ರೀಸಿನ ಬಂದರುಗಳಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಈಗ ತೆಂಗಿನಗುಂಡಿಯ ದಾರಿಯಲ್ಲಿ ಮನೆ ಮಾಡಿಕೊಂಡು ದಿನಾ ಸಂಜೆ ಸಮುದ್ರದ ಬದಿಗೆ ನಡೆದುಹೋಗುತ್ತಿದ್ದರು. ಒಂದು ಬೆಳಿಗ್ಗೆ ಅವರು ನಮ್ಮ ಅಂಗಡಿಗೆ ಬಂದು, ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಅಪ್ಪನ ಮುಂದೆ ಬಿಡಿಸಿಟ್ಟರು. ಅಲೆಕ್ಸಾಂಡ್ರಿಯಾದ ಮ್ಯೂಸಿಯಮ್ಮಿನಲ್ಲಿ ಕೊಂಡದ್ದು. ಹಾಳೆಯ ತುಂಬ ಒಂದು ಬಳೆಯ ಚಿತ್ರವಿತ್ತು.

ಎರಡು ಹಾವುಗಳು. ಬಾಲಕ್ಕೆ ಬಾಲ ಸುತ್ತಿ ನಡುವೆ ಗಂಟಾಗಿದ್ದವು. ಎರಡೂ ಹೆಡೆ ಎತ್ತಿದ್ದವು, ಹೆಡೆಯ ಮೇಲೆ ದುಂಡನೆಯ ಒಂದೊಂದು ಬಿಲ್ಲೆ. ಗಂಟಿನ ಮೇಲೆ ಒಬ್ಬ ದೇವಿಯ ಮುಖ, ಅವಳ ತಲೆಯಲ್ಲಿ ಹಸುವಿನ ಕೊಂಬು, ಕೊಂಬುಗಳ ನಡುವೆಯೂ ಅದೇ ಬಿಲ್ಲೆ. ಸಾಹೇಬರು ಬೆರಳಿಟ್ಟು ತೋರಿಸುತ್ತ ಹೇಳಿದರು: ಬಳೆ ಮಾಡಿದವರು ಗ್ರೀಕರು, ಆದರೆ ಹೆಡೆ, ಬಿಲ್ಲೆ, ಕೊಂಬು ಯಾವುದೂ ಅವರದ್ದಲ್ಲ, ಎಲ್ಲ ಈಜಿಪ್ಟಿನ ದೇವರುಗಳದ್ದು. ಗ್ರೀಕರು ಆ ದೇಶಕ್ಕೆ ರಾಜರಾದ ಮೇಲೆ ಅವರ ಹೆಂಗಸರು ಸೋತವರ ದೇವರನ್ನು ಕೈಗೂ ಕಿವಿಗೂ ಹಾಕಿಕೊಳ್ಳತೊಡಗಿದರು. ಬಿಲ್ಲೆಯೆಂದರೆ ಸೂರ್ಯ. ಹೆಡೆಯೆತ್ತಿದ ಹಾವು ರಾಜನ ಹಣೆಯ ಮೇಲೆ ಕೂತು ವೈರಿಗಳ ಮೇಲೆ ಬೆಂಕಿ ಉಗುಳುವಂಥದ್ದು. ಗಂಟು ಮಾತ್ರ ಗ್ರೀಕರದ್ದೇ, ಗಾಯಕ್ಕೆ ಹಾಗೆ ಗಂಟು ಹಾಕಿ ಬಟ್ಟೆ ಕಟ್ಟಿದರೆ ಬೇಗ ಮಾಯುತ್ತದೆ ಎಂದು ನಂಬಿದ್ದರಂತೆ.

ಸಾಹೇಬರ ಹೆಂಡತಿ ಒಮ್ಮೆ ಆ ಮ್ಯೂಸಿಯಮ್ಮಿಗೆ ಹೋದಾಗ ಈ ಬಳೆಯಿದ್ದ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆ ಹೆಂಗಸು ತೀರಿಕೊಂಡು ವರ್ಷವಾಗಿತ್ತು. ಈಗ ಮೊಮ್ಮಗಳ ಮದುವೆ. ಅಂಥದೇ ಒಂದು ಬಳೆ ಅವಳ ಕೈಗೆ ಹಾಕಬೇಕೆಂದು ಸಾಹೇಬರ ಆಸೆ. ಆದರೆ ದೇವಿಯ ಮುಖ ತಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದರು. ಮುಖದ ಜಾಗಕ್ಕೆ ಬೇರೊಂದು ಹಾಳೆ ತಿರುಗಿಸಿ, ಗ್ರೀಕರ ಉಂಗುರದ ಮೇಲಿದ್ದ ನೀಲಿ ಕಲ್ಲಿನ ಹುಳುವನ್ನು ತೋರಿಸಿದರು. ಅಪ್ಪ ಕನ್ನಡಕ ಏರಿಸಿ ನೋಡಿದ.

“ಇದು ಸಗಣಿ ಹುಳ ಅಲ್ವಾ ಸಾಹೇಬ್ರೆ?”

“ಅದೇ ಶೇಟ್ರೆ. ಅದು ಉಂಡೆ ಉರುಳಿಸೋದು ನೋಡಿ, ಸೂರ್ಯನ್ನೂ ಹೀಗೇ ಯಾರೋ ಉರುಳಿಸ್ತಾರೆ ಅಂದ್ಕೊಂಡಿದ್ರು ಆ ಜನ.”

ಅಪ್ಪ ನಕ್ಕ. ಆದರೆ ಅವನಿಗೂ ಒಂದು ಅಳುಕಿತ್ತು. ನಾಗರ ಹೆಡೆಯನ್ನು ಸುಮ್ಮನೆ ಮಾಡಬಾರದು. ಕೆಲಸ ಹಿಡಿಯುವ ದಿನ ಸ್ನಾನ ಮಾಡಿ, ನಮ್ಮ ಬೀದಿಯ ಕೊನೆಯ ನಾಗರಕಲ್ಲಿಗೆ ಹೋಗಿ ತೆಂಗಿನಕಾಯಿ ಇಟ್ಟು ಬಂದ.

ಬಂಗಾರಕ್ಕೆ ಕೈ ಹಾಕುವ ಮೊದಲು ಹಿತ್ತಾಳೆಯಲ್ಲಿ ಒಂದು ಮಾದರಿ ಮಾಡಿದೆ. ಹಾವಿನ ಮೈಯ ಒಂದೊಂದು ಹುರುಪೆಯನ್ನೂ ಸಣ್ಣ ಉಳಿಯಿಂದ ಹೊಡೆದು ಎಬ್ಬಿಸಬೇಕಿತ್ತು. ಇಪ್ಪತ್ತು ದಿನ ಬೆಳಗಿನಿಂದ ಸಂಜೆಯವರೆಗೆ ಹೊಡೆದೆ. ಮೂರನೆಯ ದಿನ ಉಳಿ ಜಾರಿ ಎಡಗೈ ಹೆಬ್ಬೆರಳಿನ ಉಗುರು ಕಿತ್ತುಬಂತು. ಮಾದರಿ ಹೊಸದರ ಹಾಗೆ ಮಿನುಗಬಾರದು, ಪುಸ್ತಕದಲ್ಲಿದ್ದ ಹಾಗೆಯೇ ಕಾಣಬೇಕೆಂದು ಸಾಹೇಬರು ಹೇಳಿದ್ದರು. ಮೇಲೆ ಬಂಗಾರದ ನೀರು ಕೊಟ್ಟು, ಗೆರೆಗಳ ಸಂದಿಗೆ ಕಪ್ಪು ತುಂಬಿ, ಒರೆಸಿ ಇಟ್ಟಾಗ ಅದು ಮಣ್ಣಿನಿಂದ ಈಗಷ್ಟೇ ಎದ್ದುಬಂದ ಹಾಗಿತ್ತು. ಅಪ್ಪ ಅದನ್ನು ಬಹಳ ಹೊತ್ತು ಹಿಡಿದು ನೋಡಿ, ಏನೂ ಅನ್ನದೆ ನನ್ನ ಮುಂದಿಟ್ಟ. ಅವನ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ಮರುದಿನವೇ, ಹತ್ತಿರದ ಹಳ್ಳಿ ಕಾಗಾಲದವನೊಬ್ಬ ಬಂದ. ಹೈಸ್ಕೂಲಿನಲ್ಲಿ ನನ್ನ ಜೊತೆ ಕಲಿತವನು. ಸ್ವಲ್ಪ ಗದ್ದೆ, ಸಾಮಾನು ಸಾಗಿಸುವ ಒಂದು ಟೆಂಪೊ, ಹೆಂಡತಿ, ಒಂದು ಸಣ್ಣ ಹೆಣ್ಣುಮಗು. ಹೆಂಡತಿಯ ಕರಿಮಣಿ ಹರಿದಿತ್ತು, ಪೋಣಿಸಲು ತಂದಿದ್ದ. ನಾನು ಮಣಿ ಪೋಣಿಸುತ್ತಿದ್ದಾಗ ಅವನ ಕಣ್ಣು ಬಳೆಯ ಮೇಲೆ ಬಿತ್ತು.

“ಇದೆಂತದು ಮಾರಾಯ್ತಿ?”

ಅಂದು ನನಗೆ ಖುಷಿಯ ಸೊಕ್ಕು. “ಎರಡು ಸಾವಿರ ವರ್ಷದ್ದು. ಭಟ್ಕಳದ ಸಾಹೇಬರದ್ದು” ಎಂದೆ.

ಬಳೆಯಲ್ಲ, ಅದರ ನಮೂನೆ ಎರಡು ಸಾವಿರ ವರ್ಷದ್ದು ಎಂದು ಹೇಳಲಿಲ್ಲ. ಹಿತ್ತಾಳೆ ಎಂದೂ ಹೇಳಲಿಲ್ಲ. ಅವನು ಬಾಯಿ ಬಿಟ್ಟು ನೋಡಿ, ಫೋನು ತೆಗೆದು ಒಂದು ಫೋಟೋ ಹೊಡೆದುಕೊಂಡ. ನಾನು ಬೇಡ ಎನ್ನಲಿಲ್ಲ, ಹುಳು ಚೆನ್ನಾಗಿ ಕಾಣಲಿ ಎಂದು ಬಳೆಯನ್ನು ಬೆಳಕಿಗೆ ತಿರುಗಿಸಿಕೊಟ್ಟೆ. ಈ ಒಂದು ಮಾತನ್ನು ನಾನು ಕೋರ್ಟಿನಲ್ಲೂ ಹೇಳಿದ್ದೇನೆ.

ನಾಲ್ಕೇ ದಿನದಲ್ಲಿ ಆ ಫೋಟೋ ಹೊನ್ನಾವರ, ಭಟ್ಕಳವೆಲ್ಲ ತಿರುಗಿತು. ತೆಂಗಿನಗುಂಡಿಯ ದಂಡೆಗೆ ಸಮುದ್ರ ಹಳೇ ಹಡಗಿನ ಪೆಟ್ಟಿಗೆ ಎಸೆದಿದೆಯಂತೆ, ಅಲ್ಲಿ ಸಂಜೆ ನಡೆಯಲು ಹೋಗುವ ಮುದುಕನಿಗೆ ಸಿಕ್ಕಿದೆಯಂತೆ, ಕುಮಟೆಯ ಶೇಟ್ರು ಕದ್ದು ಕರಗಿಸುತ್ತಿದ್ದಾರಂತೆ. ಜನ ಪಿಕಾಸಿ ಹಿಡಿದು ತೆಂಗಿನಗುಂಡಿಗೆ ಹೋದರು. ದೋಣಿ ಎಳೆಯುವ ಜಾಗದಲ್ಲೇ ಹೊಂಡ ತೋಡಿದರು. ಮೀನುಗಾರರು ತಡೆದಾಗ ಹೊಡೆದಾಟವಾಯಿತು, ಒಬ್ಬನ ತಲೆ ದೋಣಿಯ ಹುಟ್ಟಿನ ಏಟಿಗೆ ಒಡೆದು ಮರಳೆಲ್ಲ ರಕ್ತವಾಯಿತು ಎಂದು ಮೀನು ಮಾರುವವಳು ನಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಹೇಳುತ್ತ ಹೇಳುತ್ತ ಅವಳೂ ನನ್ನ ಬೆನ್ನ ಹಿಂದಿನ ಕೋಣೆಯತ್ತ ಕತ್ತು ಉದ್ದ ಮಾಡಿ ನೋಡಿದಳು.

ಸಾಹೇಬರ ತೋಟಕ್ಕೂ ಜನ ನುಗ್ಗಿದರು. ಅಡ್ಡ ನಿಂತ ಅವರನ್ನು ತಳ್ಳಿ ಕೆಡವಿದರು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದವರೇ ಅಪ್ಪನಿಗೆ ಫೋನು ಮಾಡಿ, ಅಂಗಡಿ ಎರಡು ದಿನ ಮುಚ್ಚಿ ಬೇರೆಲ್ಲಾದರೂ ಹೋಗಿ ಎಂದು ಬೇಡಿಕೊಂಡರು. ನಾನೂ ಹೇಳಿದೆ. ಅಪ್ಪ ಕೇಳಲಿಲ್ಲ.

“ಕದ್ದವರ ಹಾಗೆ ಬಾಗಿಲು ಹಾಕ್ಕೊಂಡು ಕೂತರೆ, ಕದ್ದದ್ದು ಹೌದು ಅಂತಲೇ ಆತು.”

ನಿಧಿ ಹುಡುಕುವವರು ನಮ್ಮಲ್ಲಿಗೆ ಬಂದದ್ದು ಅದೇ ದಿನ ಮಧ್ಯಾಹ್ನ. ಊಟ ಮುಗಿದಿತ್ತು. ಸೆಕೆಗೆ ಬೀದಿ ಖಾಲಿ. ಶಟರ್ ಅರ್ಧ ಇಳಿಸಿ ಅಪ್ಪ ಕೆಲಸದ ಕೋಣೆಯಲ್ಲಿ ಗೋಡೆಗೊರಗಿದ್ದ, ನಾನು ಮೇಜಿನ ಬಳಿ ಕೂತು ಯಾರದೋ ಉಂಗುರ ತೊಳೆಯುತ್ತಿದ್ದೆ. ನಾಲ್ಕು ಜನ ಶಟರಿನ ಕೆಳಗಿಂದ ಬಗ್ಗಿ ಒಳಗೆ ಬಂದರು. ಕೊನೆಯವನು ಅದನ್ನು ಪೂರ್ತಿ ಕೆಳಕ್ಕೆಳೆದ. ಮೂವರನ್ನು ನಾನು ನೋಡಿರಲಿಲ್ಲ, ಹೊನ್ನಾವರದ ಕಡೆಯವರೆಂದು ಆಮೇಲೆ ಗೊತ್ತಾಯಿತು. ನಾಲ್ಕನೆಯವನು ಕಾಗಾಲದವನು. ನನ್ನ ಕಡೆ ನೋಡದೆ ಬಾಗಿಲ ಹತ್ತಿರವೇ ನಿಂತ.

ಮೊದಲು ಬಳೆ ಕೇಳಿದರು. ನಾನು ಕೊಟ್ಟೆ. ಉಳಿದದ್ದೆಲ್ಲಿ ಎಂದರು. ಉಳಿದದ್ದು ಎಂಬುದೇ ಇಲ್ಲ, ಇದೂ ಹಿತ್ತಾಳೆಯದು, ಬೇಕಾದರೆ ಒರೆಗಲ್ಲಿಗೆ ತಿಕ್ಕಿ ನೋಡಿ ಎಂದೆ. ಅವರಲ್ಲಿ ಎತ್ತರದವನು ನನ್ನ ಕೆನ್ನೆಗೆ ಹೊಡೆದ. ನಾನು ಮೇಜಿಗೆ ಬಡಿದು ಕೆಳಗೆ ಬಿದ್ದೆ, ಬಾಯಲ್ಲಿ ಹಲ್ಲಿನ ಚೂರು ಸಿಕ್ಕಿತು. ಇನ್ನೊಬ್ಬ ನನ್ನ ಜಡೆಯನ್ನು ಕೈಗೆ ಸುತ್ತಿ ಹಿಡಿದು ಮೊಣಕಾಲನ್ನು ಬೆನ್ನಿಗೆ ಕೊಟ್ಟ. ಅಪ್ಪ ಎದ್ದು ಬಂದ. ಎಪ್ಪತ್ತು ದಾಟಿದ ಮನುಷ್ಯ, ಕೈಯಲ್ಲಿ ಇಕ್ಕಳ. ಅದನ್ನು ಕಿತ್ತುಕೊಂಡು, ಅವನ ಬಲಗೈಯನ್ನು ಎಳೆದು ನಾವು ಬಂಗಾರ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟರು. ಎತ್ತರದವನು ಗೋಡೆಯಲ್ಲಿದ್ದ ನಮ್ಮದೇ ಸುತ್ತಿಗೆ ತೆಗೆದುಕೊಂಡ.

“ಉಳಿದದ್ದೆಲ್ಲಿ?”

ಅಪ್ಪ ಇಲ್ಲ ಎಂದ. ಸುತ್ತಿಗೆ ಕಿರುಬೆರಳಿನ ಮೇಲೆ ಬಿತ್ತು. ಆ ಸದ್ದು ನನಗೆ ಗುರುತಿನದ್ದು. ಅಡಿಗಲ್ಲಿನ ಮೇಲೆ ಸುತ್ತಿಗೆ ಬೀಳುವ ಸದ್ದಿನಲ್ಲೇ ನಾನು ಬೆಳೆದವಳು. ನಡುವೆ ಇದ್ದದ್ದು ಮಾತ್ರ ಬೇರೆ. ಅವನು ಮತ್ತೆ ಅದೇ ಮಾತು ಕೇಳಿದ, ಅಪ್ಪ ಮತ್ತೆ ಇಲ್ಲ ಎಂದ. ಎರಡನೆಯ ಬೆರಳು. ಅಪ್ಪ ಕೂಗಲಿಲ್ಲ, ಮೂಗಿನಲ್ಲಿ ಒಂದು ಥರ ಉಸಿರು ಬಿಟ್ಟ. ಮೂರನೆಯ ಏಟಿಗೆ ಅವನ ಕಾಲು ಕುಸಿಯಿತು. ನನ್ನ ಜಡೆ ಹಿಡಿದವನು ಅದನ್ನು ನೋಡಲು ಒಂದಿಷ್ಟು ಮುಂದೆ ಬಾಗಿದ, ಹಿಡಿತ ಸಡಿಲವಾಯಿತು. ಮೇಜಿನ ಕಾಲಿನ ಬುಡದಲ್ಲಿ ಆ್ಯಸಿಡ್ ಬಾಟಲಿ ಇತ್ತು. ಬಂಗಾರದಿಂದ ಬೇರೆ ಲೋಹ ತೆಗೆಯಲು ನಾವು ಬಳಸುವಂಥದ್ದು, ಗಾಜಿನ ಬಿರಡೆಯದು. ಬಿರಡೆ ತೆಗೆದದ್ದು ನೆನಪಿಲ್ಲ. ಸುತ್ತಿಗೆಯವನು ಇತ್ತ ತಿರುಗಿದ್ದು ಕಂಡಿತು, ಅವನ ಮುಖಕ್ಕೆ ಎಂದುಕೊಂಡೇ ಎರಚಿದೆ. ತಪ್ಪಿಸಿಕೊಳ್ಳಬೇಕೆಂದಲ್ಲ, ಅವನು ಬೇಯಬೇಕು ಎಂದು ಎರಚಿದೆ. ಅಷ್ಟರಲ್ಲಿ ಒಬ್ಬ ಅಡ್ಡ ಬಂದ. ಕೂಗಿದವನು ಕಾಗಾಲದವನು.

ಬಾಟಲಿ ನನ್ನ ಕೈಯಲ್ಲೇ ಇತ್ತು, ಅರ್ಧ ತುಂಬಿತ್ತು. ಅದನ್ನು ನೋಡಿ ಉಳಿದ ಮೂವರು ಶಟರ್ ಎತ್ತಿ ಓಡಿದರು, ಬಳೆಯನ್ನೂ ಒಯ್ದರು. ಕಾಗಾಲದವನು ನೆಲದ ಮೇಲೆ ಹೊರಳಾಡುತ್ತಿದ್ದ. ಕೋಣೆಯಲ್ಲಿ ಹಳದಿ ಹೊಗೆ, ಮೂಗು ಉರಿಯುವ ವಾಸನೆ. ನಾನು ಅವನ ಅಂಗಿಯ ಕಾಲರ್ ಹಿಡಿದು ಅಡುಗೆಮನೆ ದಾಟಿ ಬಾವಿಯ ತನಕ ಎಳೆದುಕೊಂಡು ಹೋದೆ. ಹೊಸ್ತಿಲಿಗೆ ಅವನ ತಲೆ ಬಡಿಯಿತು. ನೀರು ಸೇದಿದೆ, ಸುರಿದೆ, ಸೇದಿದೆ, ಸುರಿದೆ. ಅಂಗಿ ಬಿಚ್ಚಲು ಹೋದರೆ ಚರ್ಮವೂ ಬರುತ್ತಿತ್ತು. ಕಿವಿ, ಕೆನ್ನೆಯ ಅರ್ಧ, ಕುತ್ತಿಗೆ, ಎಡಭುಜ, ಎಲ್ಲ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದ, ಶಾಲೆಯಲ್ಲಿ ಕೂಗುತ್ತಿದ್ದ ಹಾಗೆಯೇ. ನಾನು ಸುಮ್ಮನಿರು, ಸುಮ್ಮನಿರು ಎಂದು ಬೈಯುತ್ತ ನೀರು ಹೊಯ್ದೆ.

ಬೀದಿಯ ಜನ ಸೇರಿದರು. ಅಂಬುಲೆನ್ಸಿಗೆ ಕಾಯುತ್ತ ಅಪ್ಪನ ಕೈಗೆ ನನ್ನ ಸೆರಗು ಸುತ್ತಿ ಕೂತಿದ್ದಾಗ, ಪರಿಚಯದ ಒಬ್ಬರು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿ, ಎಲ್ಲ ಸೇರಿ ಎಷ್ಟು ತೂಕ ಇತ್ತು ಎಂದು ಕೇಳಿದರು. ಆ ಕ್ಷಣ ನನ್ನ ಕೈಯಲ್ಲಿ ಬಾಟಲಿ ಇದ್ದಿದ್ದರೆ ಅವರಿಗೂ ಎರಚುತ್ತಿದ್ದೆ.

ಕಾಗಾಲದವನನ್ನು ಮಂಗಳೂರಿನ ಕಡೆಯ ದೊಡ್ಡಾಸ್ಪತ್ರೆಗೆ ಒಯ್ದರು. ಅಪ್ಪನಿಗೆ ಕುಮಟೆಯಲ್ಲೇ ಕಟ್ಟು ಹಾಕಿದರು. ಪೊಲೀಸರು ಬರುವ ಮೊದಲು ನಮ್ಮ ವಕೀಲರು ಬಂದರು. ಅಮ್ಮನ ಕಡೆಯ ದೂರದ ನೆಂಟರು. ಎಳೆದಾಟದಲ್ಲಿ ಬಾಟಲಿ ಉರುಳಿತು ಎಂದು ಹೇಳು, ಎರಚಿದೆ ಎಂಬ ಮಾತು ಬಾಯಲ್ಲಿ ಬರಕೂಡದು, ಆ್ಯಸಿಡ್ ಕೇಸು ಎಂದರೆ ತಮಾಷೆಯಲ್ಲ ಎಂದರು. ನಾನು ಹಾಗೆಯೇ ಹೇಳಿದೆ. ಇನ್ಸ್‌ಪೆಕ್ಟರು ಬರೆದುಕೊಂಡು ಸಹಿ ಹಾಕಿಸಿಕೊಂಡು ಹೋದರು. ನನಗೆ ಆಗ ಪಶ್ಚಾತ್ತಾಪ ಇರಲಿಲ್ಲ. ಗುರಿ ತಪ್ಪಿತಲ್ಲ ಎಂಬ ಸಿಟ್ಟು ಇತ್ತು, ಅವನೂ ಅವರ ಪೈಕಿಯವನೇ, ಆದದ್ದು ಆಗಲಿ ಎಂಬ ಹಟವೂ ಇತ್ತು.

ಎರಡನೆಯ ದಿನ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದೆ. ಅವನು ಚಮಚ ಪಕ್ಕಕ್ಕೆ ಸರಿಸಿದ.

“ಆ ಹುಡುಗ ಹೇಗಿದ್ದಾನೆ?”

ಯಾವ ಹುಡುಗ ಎಂದೆ, ಗೊತ್ತಿದ್ದೂ. ನಮ್ಮ ವಯಸ್ಸಿನವರು ಅಪ್ಪನಿಗೆ ಇನ್ನೂ ಹುಡುಗರೇ.

“ಅವ ಸುತ್ತಿಗೆ ಹಿಡಿದವನ ಕೈಗೆ ಜೋತುಬಿದ್ದಿದ್ದ. ಸಾಕು, ಮುದುಕ ಸಾಯ್ತಾನೆ, ಬಿಡು ಅಂತ ಹೇಳ್ತಿದ್ದ. ನಿಂಗೆ ಕೇಳಲಿಲ್ವಾ?”

ನನಗೆ ಕೇಳಿರಲಿಲ್ಲ. ಎಷ್ಟು ನೆನೆದರೂ ಆ ಮಾತು ನನ್ನ ಕಿವಿಗೆ ಬಿದ್ದ ನೆನಪಿಲ್ಲ. ನಾನು ಗಂಜಿಯ ಬಟ್ಟಲು ಹಿಡಿದುಕೊಂಡು ಆಸ್ಪತ್ರೆಯ ಜಗಲಿಗೆ ಬಂದೆ. ಉಳಿದ ಗಂಜಿಯನ್ನು ಗಟಾರಕ್ಕೆ ಚೆಲ್ಲಿ, ಬಟ್ಟಲನ್ನು ನಲ್ಲಿಯಡಿ ಎರಡು ಸಲ ತೊಳೆದೆ.

ಓಡಿದ ಮೂವರು ನಾಲ್ಕು ದಿನದೊಳಗೆ ಸಿಕ್ಕರು. ಸಿಕ್ಕದ್ದು ತಮ್ಮೊಳಗಿನ ಜಗಳದಿಂದಲೇ. ಶರಾವತಿಯ ಸೇತುವೆಯ ಹತ್ತಿರ ಬಳೆಯನ್ನು ಕಲ್ಲಿಗೆ ಕುಟ್ಟಿ ಮುರಿದು ನೋಡಿದಾಗ ಒಳಗೆಲ್ಲ ಹಿತ್ತಾಳೆ. ಎತ್ತರದವನೇ ಅಸಲು ಬಳೆ ಮುಚ್ಚಿಟ್ಟಿದ್ದಾನೆಂದು ಉಳಿದಿಬ್ಬರು ಅವನನ್ನು ಹೊಡೆದು ಬಿಸಾಕಿದ್ದರು. ಅವನು ಪಕ್ಕೆಲುಬು ಮುರಿದುಕೊಂಡು ಹೊನ್ನಾವರದ ಆಸ್ಪತ್ರೆಗೆ ಬಂದ, ಅಲ್ಲಿಂದ ಎಲ್ಲ ಹೊರಬಂತು. ಗುರುತು ಹಿಡಿಯಲು ಪೊಲೀಸರು ನನ್ನ ಮುಂದೆ ಹಿತ್ತಾಳೆಯ ಚೂರುಗಳನ್ನು ಸುರಿದರು. ಒಂದು ಹೆಡೆ ಚಪ್ಪಟೆಯಾಗಿತ್ತು, ಇನ್ನೊಂದು ಇರಲೇ ಇಲ್ಲ.

ಕಾಗಾಲದವನು ಪೊಲೀಸರಿಗೆ ಏನು ಹೇಳಿದನೆಂದು ವಕೀಲರಿಂದ ತಿಳಿಯಿತು. ಬಾಟಲಿ ಎಲ್ಲಿಂದಲೋ ಬಿತ್ತು, ಯಾರೂ ಎರಚಲಿಲ್ಲ ಎಂದಿದ್ದ. ಹಾಗೆ ಹೇಳು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಕೀಲರು ಇನ್ನು ಚಿಂತೆಯಿಲ್ಲ ಎಂದು ಬೆನ್ನು ತಟ್ಟಿದರು. ಅವನು ಮನೆಗೆ ಬಂದಿದ್ದಾನೆಂದು ತಿಳಿದ ಮೇಲೆ ನಾನು ಕಾಗಾಲಕ್ಕೆ ಹೋದೆ. ಅಪ್ಪನಿಗೆ ಹೇಳಿಯೇ ಹೋದೆ. ವಕೀಲರಿಗೆ ಹೇಳಲಿಲ್ಲ.

ಅಂಗಳದಲ್ಲಿ ಅವನ ಹೆಂಡತಿ ಕಸ ಗುಡಿಸುತ್ತಿದ್ದಳು. ನನ್ನನ್ನು ನೋಡಿದವಳೇ ಹಿಡಿಸೂಡಿಯನ್ನು ಬುಡ ಮೇಲೆ ಮಾಡಿ ಹಿಡಿದು ಬಂದು ಹೊಡೆದಳು. ಮೊದಲ ಏಟು ಭುಜಕ್ಕೆ, ಎರಡನೆಯದು ಮುಖಕ್ಕೆ. ಕಡ್ಡಿಗಳು ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ನಾನು ಕೈ ಅಡ್ಡ ತರಲಿಲ್ಲ. ಹೊಡೆಸಿಕೊಳ್ಳಲೆಂದೇ ಬಂದಿದ್ದೆನೋ ಎಂದು ಆಮೇಲೆ ಅನ್ನಿಸಿದೆ. ಅವಳು ಏದುಸಿರು ಬಿಡುತ್ತ ಹೊಡೆಯುತ್ತಿದ್ದಳು. ಒಳಗಿನಿಂದ ಅವನು, ಬಿಡೇ, ಬಿಡು ಎಂದು ಕೂಗಿದ ಮೇಲೆ ಹಿಡಿಸೂಡಿಯನ್ನು ಅಂಗಳದ ಆಚೆಗೆಸೆದು ಬಾವಿಕಟ್ಟೆಯ ಮೇಲೆ ಹೋಗಿ ಕೂತಳು.

ಅವನು ಬರಿ ಮೈಯಲ್ಲಿ ಬಾಳೆಲೆಯ ಮೇಲೆ ಒಂದು ಪಕ್ಕಕ್ಕೆ ಮಲಗಿದ್ದ. ಎಡಗಿವಿ ಇರಲಿಲ್ಲ, ಅದರ ಜಾಗದಲ್ಲಿ ಸಣ್ಣ ಮುದ್ದೆ ಇತ್ತು. ಕುತ್ತಿಗೆಯ ಚರ್ಮ ಎಳೆದುಕೊಂಡು ತಲೆ ಭುಜದ ಕಡೆ ವಾಲಿತ್ತು. ನಾನು ಕೂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಹೋಗಿತ್ತು.

“ನಾನೇ ಎರಚಿದ್ದು” ಎಂದೆ.

“ನಂಗೆ ಗೊತ್ತಿಲ್ವಾ? ನೀ ಬಿರಡೆ ತೆಗೆಯೂದು ನೋಡಿದ್ದೆ ನಾನು.”

“ಮತ್ತೆ ಸುಳ್ಳು ಯಾಕೆ ಹೇಳಿದೆ?”

ಅವನು ಬಲಗೈಯಿಂದ ಗದ್ದ ಹಿಡಿದುಕೊಂಡ. ಮಾತಾಡಿದರೆ ಕುತ್ತಿಗೆ ಎಳೆಯುತ್ತಿತ್ತು.

“ಅವರನ್ನ ಕರ್ಕೊಂಡು ಬಂದವ ನಾನು. ಹೆದರಿಸಿ ಕೇಳೂದು ಅಷ್ಟೇ, ಹೊಡೆಯೂದಿಲ್ಲ ಅಂದಿದ್ರು. ನಾ ನಂಬಿದೆ. ನಂಗೂ ಪಾಲು ಬೇಕಾಗಿತ್ತು. ಅದ್ಕೆ ಸುಳ್ಳು ಹೇಳ್ದೆ. ಆದರೆ ನಿಂಗೆ ಕ್ಷಮೆ ಗಿಮೆ ಅಂತ ಎಂತ ಇಲ್ಲ. ಈ ಉರಿ ಇರೂ ತನಕ ಇಲ್ಲ.”

ಸರಿ ಎಂದೆ. ಎದ್ದು ಬಂದೆ. ಬಸ್ಸಿನಲ್ಲಿ ಹುಬ್ಬಿನ ರಕ್ತ ನೋಡಿ ಕಂಡಕ್ಟರು ಬಿದ್ದಿರಾ ಎಂದು ಕೇಳಿದ, ಹೌದು ಎಂದೆ.

ಮರುದಿನ ಸ್ಟೇಷನ್ನಿಗೆ ಹೋಗಿ ಮೊದಲು ಹೇಳಿದ್ದು ಸುಳ್ಳು, ನಾನೇ ಎರಚಿದೆ ಎಂದು ಬರೆದುಕೊಟ್ಟೆ. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದೆ. ವಕೀಲರು ಅಂಗಡಿಗೆ ಬಂದು ಅಪ್ಪನ ಎದುರಿಗೇ ನನ್ನನ್ನು ಬೈದರು, ಹುಚ್ಚಿಯೆಂದರು. ಅಪ್ಪ ಕೇಳಿಸಿಕೊಂಡು, ಅವಳು ಮಾಡಿದ್ದನ್ನ ಅವಳು ಹೇಳಿದಳು, ನಿಮಗೆ ನಡೆಸಲಿಕ್ಕಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದ. ಅವರು ಬೇರೆಯವರಿಗೆ ಬಿಡಲಿಲ್ಲ, ತಾವೇ ನಡೆಸಿದರು.

ಸಾಹೇಬರು ಒಂದು ಸಂಜೆ ಬಂದರು. ಹಣೆಯ ಹೊಲಿಗೆ ಬಿಚ್ಚಿದ್ದರು, ಗೆರೆ ಉಳಿದಿತ್ತು. ಅಪ್ಪನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಈ ಬಳೆಯ ಹುಚ್ಚು ತಮಗೆ ಬರಬಾರದಾಗಿತ್ತು, ಇನ್ನು ಬೇಡ, ಮರೆತುಬಿಡಿ ಎಂದು ಕಣ್ಣೀರು ಹಾಕಿದರು. ಅಪ್ಪ ನನ್ನ ಕಡೆ ನೋಡಿದ. ನಾನು ಮಾಡುತ್ತೇನೆ ಎಂದೆ. ಯಾಕೆ ಅಂದೆನೋ, ಸಾಹೇಬರ ಮೇಲಿನ ಪ್ರೀತಿಯಿಂದಂತೂ ಅಲ್ಲ. ಕೈಗೆ ಏನಾದರೂ ಹೊಡೆಯಲು ಬೇಕಾಗಿತ್ತು.

ಬಂಗಾರದ ಹಾವುಗಳನ್ನು ಅದೇ ಅಡಿಗಲ್ಲಿನ ಮೇಲೆ ಮಾಡಿದೆ. ಬೇರೆ ಅಡಿಗಲ್ಲು ನಮ್ಮಲ್ಲಿರಲಿಲ್ಲ. ಸುತ್ತಿಗೆ ಪೊಲೀಸರ ಬಳಿ ಇತ್ತು, ಹೊಸದು ತಂದೆವು. ಮೊದಲ ದಿನ ತಗಡನ್ನು ಎಷ್ಟು ಜೋರಾಗಿ ಹೊಡೆದೆನೆಂದರೆ ಅಂಚು ಸೀಳಿತು, ಕರಗಿಸಿ ಮತ್ತೆ ಶುರುಮಾಡಬೇಕಾಯಿತು. ಅಪ್ಪ ಪಕ್ಕದಲ್ಲಿ ಕೂತು ಬಾಯಿಯಲ್ಲೇ ಕೆಲಸ ಹೇಳಿಕೊಟ್ಟ. ಅವನ ಮೂರು ಬೆರಳು ಮತ್ತೆ ಮಡಚಲೇ ಇಲ್ಲ. ತಪ್ಪಾದಾಗೆಲ್ಲ ನನ್ನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು, ಏಟು ಬರುತ್ತದೆ ಎಂದು. ಒಮ್ಮೆ ಅದನ್ನು ಅವನು ನೋಡಿದ. ಇನ್ನು ಯಾವ ಕೈಯಲ್ಲಿ ಹೊಡೆಯಲಿ ಎಂದು ಹೇಳಿ ನಗಲು ನೋಡಿದ, ಆಗಲಿಲ್ಲ. ಎದ್ದು ಬಾವಿಯ ಕಡೆ ಹೋದವನು ಬಹಳ ಹೊತ್ತು ಬರಲಿಲ್ಲ.

ಮದುವೆಗೆ ಮೂರು ದಿನ ಮೊದಲು ನಾನೇ ಬಳೆ ತೆಗೆದುಕೊಂಡು ಭಟ್ಕಳಕ್ಕೆ ಹೋದೆ. ಹೆಂಗಸರ ಕೋಣೆಯಲ್ಲಿ ಕೂರಿಸಿ ಶರಬತ್ತು ಕೊಟ್ಟರು. ಮದುಮಗಳು ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳಿನಿಂದ ಹೆಡೆಯನ್ನು ಮುಟ್ಟಿದಳು. ಇದು ಬೆಂಕಿ ಉಗುಳುವ ಹಾವಂತೆ, ಅಜ್ಜ ಹೇಳಿದರು, ನಿಮಗೆ ಮಾಡುವಾಗ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದಳು. ನನ್ನ ಮಣಿಕಟ್ಟಿನಲ್ಲಿ ಆ್ಯಸಿಡ್ ಸಿಡಿದ ಕಲೆಗಳಿದ್ದವು, ಅವಳಿಗೆ ಕಾಣದ ಹಾಗೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಇಲ್ಲ ಎಂದೆ.

ಕೇಸು ವರ್ಷಗಟ್ಟಲೆ ನಡೆಯಿತು. ಕಾಗಾಲದವನು ನಿಜ ಹೇಳಲು ಒಪ್ಪಿ ಸಾಕ್ಷಿಯಾದ, ಅವನನ್ನು ಬಿಟ್ಟರು. ಮೂವರಿಗೆ ಜೈಲಾಯಿತು. ನನ್ನ ಮೇಲಿನ ಕೇಸಿನಲ್ಲಿ, ತಂದೆಯ ಜೀವ ಉಳಿಸಲು ಮಾಡಿದ ಕೆಲಸವೆಂದು ನ್ಯಾಯಾಧೀಶರು ಬಿಡುಗಡೆ ಮಾಡಿದರು. ವಕೀಲರು ಗೆದ್ದೆವು ಎಂದರು. ಸಾಕ್ಷಿಕಟ್ಟೆಯಲ್ಲಿ ನಿಂತು ನಾನು ಹೇಳಿದ್ದೇ ಬೇರೆ. ಉಳಿಸಲು ಅಲ್ಲ, ಸುಡಲು ಎರಚಿದೆ ಎಂದಿದ್ದೆ. ಅದನ್ನು ಅವರು ಬರೆದುಕೊಂಡರೋ ಇಲ್ಲವೋ ತಿಳಿಯದು.

ಈ ಸಲ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಗಾಲದವನ ಹೆಂಡತಿ ಅಂಗಡಿಗೆ ಬಂದಳು. ಕೈಯಲ್ಲಿ ಮಗಳು, ಐದು ವರ್ಷವಿರಬಹುದು. ಮಗುವಿಗೆ ಕಿವಿ ಚುಚ್ಚಿಸಬೇಕಿತ್ತು. ಆಸ್ಪತ್ರೆ, ಕೋರ್ಟು ಎಂದು ಓಡಾಟದಲ್ಲಿ ಇಷ್ಟು ವರ್ಷ ಆಗಿರಲಿಲ್ಲ.

“ಬೇರೆ ಅಂಗಡಿಗೆ ಹೋತೆ ಅಂದೆ. ಇದ್ರ ಅಪ್ಪನೇ ಇಲ್ಲಿಗೆ ಹೋಗು ಅಂದ್ರು” ಎಂದಳು. ಅವಳು ನನ್ನ ಮುಖ ನೋಡಲಿಲ್ಲ.

ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿದೆ. ಸಣ್ಣ ಕಿವಿ, ಹಾಲೆ ಮೆತ್ತಗೆ. ತಂತಿಯ ಮೊನೆಯನ್ನು ಬೆಂಕಿಗೆ ಹಿಡಿದು ಆರಿಸಿದೆ. ಎಷ್ಟೋ ನೂರು ಮಕ್ಕಳಿಗೆ ಚುಚ್ಚಿದ ಕೈ, ಅಂದು ಹಾಲೆಯ ಮೇಲಿನ ಗುರುತಿನ ಚುಕ್ಕೆಯನ್ನು ಎರಡು ಸಲ ಒರೆಸಿ ಇಟ್ಟಿತು. ಮಗುವಿನ ತಂದೆಯ ಕಿವಿಯ ಜಾಗದಲ್ಲಿದ್ದ ಮುದ್ದೆ ಕಣ್ಣ ಮುಂದೆ ಬಂತು. ಅಪ್ಪ ಒಳಗಿನಿಂದ ಬಂದು ತನ್ನ ಎಡಗೈಯಿಂದ ಮಗುವಿನ ತಲೆ ಹಿಡಿದ. ಚುಚ್ಚಿದೆ. ಒಂದು ಹನಿ ರಕ್ತ ಬಂತು. ಮಗು ಕಿರುಚಿ ನನ್ನ ಹೆಬ್ಬೆರಳಿಗೆ ಬಾಯಿ ಹಾಕಿ ಕಚ್ಚಿತು. ಎಲುಬಿನ ತನಕ ಹಲ್ಲು ಇಳಿಯಿತು. ಬಿಡಲೇ ಇಲ್ಲ. ಅದರ ತಾಯಿ ಗಲ್ಲ ಹಿಡಿದು ಎಳೆದರೂ ಬಿಡಲಿಲ್ಲ. ನಾನು ಬೆರಳನ್ನು ಅದರ ಬಾಯಲ್ಲೇ ಬಿಟ್ಟು, ಇನ್ನೊಂದು ಕೈಯಲ್ಲಿ ಓಲೆ ಹಾಕಿ ತಿರುಪು ಬಿಗಿ ಮಾಡಿದೆ.

“ಇನ್ನೊಂದು ಕಿವಿ ಉಂಟಲ್ಲ” ಎಂದಳು ತಾಯಿ.

ಉಂಟು ಎಂದೆ. ಮಗುವನ್ನು ಆ ಕಡೆಗೆ ತಿರುಗಿಸಿಕೊಂಡೆವು.